ಟಕ್ ಟಕ್ ಬಾರಿಸುವವನಿಗೂ ಒಂದು ಚಹಾ

ಹ್ಯಾಂಬರ್ಗ್, ಬರ್ಲಿನ್, ಕ್ಯಾಲಿಫೋರ್ನಿಯಾ ಮುಂತಾದ ಕಡೆ ಕುಳಿತು ಜಗತ್ತಿನ ಹಾಡುಗಳಿಗೆಲ್ಲ ಚೌಕಳಿ ಗೀಟು ಹಾಕಿಕೊಡುವ, ಸಂಗೀತದ ಸಾಫ್ಟ್‌ವೇರ್ ತಯಾರಿಸುವ ಮಹನೀಯರೇ,

ನಾವಿಲ್ಲಿ ಕ್ಷೇಮ. ತಮ್ಮ ಕ್ಷೇಮದ ಸುದ್ದಿ ಅಪ್‌ಡೇಟ್ ಬಂದಾಗಲೆಲ್ಲ ತಿಳಿಯುತ್ತಿರುತ್ತದೆ. ಒಮ್ಮೊಮ್ಮೆ ಎರಡು ಜಿಬಿಯಷ್ಟು ಕ್ಷೇಮ ಒಟ್ಟಿಗೇ ಬಂದುಬಿಡುತ್ತದೆ. ಅದು ಇಳಿಯುವಷ್ಟರಲ್ಲಿ ನನ್ನ ಮೊಬೈಲಿನ ಆ ದಿನದ ಡೇಟಾ ಮುಗಿದಿರುತ್ತದೆ, ಬೀಗರ ಕ್ಷೇಮ ವಿಚಾರಿಸಲು ಏನೂ ಉಳಿದಿರುವುದಿಲ್ಲ.

ನನ್ನ ಪರಿಚಯ ತಮಗಿಲ್ಲ. ಕರ್ನಾಟಕದ ನಕಾಶೆಯಲ್ಲಿ ಎಲ್ಲಕ್ಕಿಂತ ಮೇಲೆ, ಕಿರೀಟದ ಜಾಗದಲ್ಲಿ, ಬೀದರ್ ಅಂತ ಒಂದು ಊರಿದೆ. ಬೆಂಗಳೂರಿನಿಂದ ಹೊರಟ ಸವಲತ್ತುಗಳು ಕಿರೀಟದವರೆಗೆ ಏರುವಷ್ಟರಲ್ಲಿ ಸುಸ್ತಾಗಿರುತ್ತವೆ ಎನ್ನುವುದು ಬೇರೆ ಮಾತು. ಅಲ್ಲಿನ ಹಳೇ ಊರಿನ ಓಣಿಯೊಂದರಲ್ಲಿ ಹತ್ತು ಬೈ ಹನ್ನೆರಡರ ಕೋಣೆಯೇ ನನ್ನ ಸ್ಟುಡಿಯೋ. ಗೋಡೆಗೆಲ್ಲ ತತ್ತಿ ಟ್ರೇ ಬಡಿದಿದ್ದೇನೆ. ಅವುಗಳಿಂದ ಸದ್ದು ನಿಲ್ಲುವುದಿಲ್ಲವೆಂದು ಆಮೇಲೆ ಓದಿ ತಿಳಿದೆ. ಆದರೆ ಅವು ಕಾಣದಿದ್ದರೆ ಗಿರಾಕಿಗಳು ಇದನ್ನು ಸ್ಟುಡಿಯೋ ಎಂದೇ ಒಪ್ಪುವುದಿಲ್ಲ, ಹಾಗಾಗಿ ಕಿತ್ತಿಲ್ಲ. ಭಾಲ್ಕಿ ಕಡೆಯ ಭಜನಾ ಮಂಡಳಿಗಳು, ಔರಾದ್ ಕಡೆಯ ತಾಂಡಾಗಳ ಹಾಡುಗಾರ್ತಿಯರು, ಮೊಹರಂ ಬಂದಾಗ ರಿವಾಯತ್ ಪದದವರು, ಚುನಾವಣೆ ಬಂದಾಗ ಎಲ್ಲ ಪಕ್ಷದವರು ಇಲ್ಲಿಗೆ ಬರುತ್ತಾರೆ. ಒಂದೇ ಧಾಟಿಗೆ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕರಲ್ಲೂ ಪ್ರಚಾರದ ಹಾಡು ಮಾಡಿಕೊಟ್ಟವನು ನಾನು. ಒಮ್ಮೆ ಅದೇ ಧಾಟಿಯನ್ನು ಎದುರು ಪಕ್ಷಕ್ಕೂ ಕೊಟ್ಟೆ. ಇಬ್ಬರೂ ತಕರಾರು ಮಾಡಲಿಲ್ಲ. ಅದು ಸಿನಿಮಾದ ಧಾಟಿ, ಇಬ್ಬರಿಗೂ ಮೊದಲೇ ಬಾಯಿಪಾಠ ಆಗಿತ್ತು.

ಮುಂದಿನ ಆವೃತ್ತಿಯಲ್ಲಿ ಏನೇನು ಸುಧಾರಣೆ ಬೇಕೆಂದು ಬಳಸುವವರನ್ನು ತಾವು ಆಗಾಗ ಕೇಳುತ್ತೀರಂತೆ. ನನ್ನನ್ನು ಯಾರೂ ಕೇಳಿಲ್ಲ. ಕೇಳದಿರುವುದಕ್ಕೆ ಕಾರಣವೂ ಇದೆ, ಮುಚ್ಚಿಡುವುದಿಲ್ಲ. ಬಹಳ ವರ್ಷ ನಾನು ತಮ್ಮ ಖಾತೆಕಿರ್ದಿಯಲ್ಲಿ ಇರಲೇ ಇಲ್ಲ. ಐವತ್ತು ರೂಪಾಯಿಯ ಸಿ.ಡಿ.ಯಲ್ಲಿ ಬಂದ ಸಾಫ್ಟ್‌ವೇರನ್ನು ತೆರೆದರೆ, ಪರವಾನಗಿ ಯಾರ ಹೆಸರಿಗೆ ಎಂಬ ಜಾಗದಲ್ಲಿ ಯಾವುದೋ ತಂಡದ ಹೆಸರು ಮೂಡುತ್ತಿತ್ತು. ಅದು ತಮ್ಮ ಕಂಪನಿಯ ಮಾಲೀಕರ ಮನೆತನವೆಂದು ತಿಳಿದು ಎರಡು ವರ್ಷ ಮನಸ್ಸಿನಲ್ಲೇ ಕೈಮುಗಿದಿದ್ದೇನೆ. ಬೀಗ ಮುರಿದವರ ಹೆಸರು ಅದೆಂದು ಆಮೇಲೆ ಗೊತ್ತಾಯಿತು.

ನನ್ನನ್ನು ದಾರಿಗೆ ತಂದದ್ದು ರೀಪರ್ ಎಂಬ ಸಾಫ್ಟ್‌ವೇರ್. ನಮ್ಮ ಕಿರಾಣಿ ಅಂಗಡಿಗಳಲ್ಲಿ ಇಂದು ನಗದು, ನಾಳೆ ಉದ್ರಿ ಎಂಬ ಫಲಕ ತೂಗಿರುತ್ತದೆ. ರೀಪರಿನವರದು ಅದಕ್ಕೆ ತಿರುಗಾಮುರುಗಾ: ಇಂದು ಉದ್ರಿ, ನಗದು ನಿಮಗೆ ಅನಿಸಿದಾಗ. 60 ದಿನ ಬಳಸಿ ನೋಡಿ ಎನ್ನುತ್ತಾರೆ. 61ನೇ ದಿನ ಬಾಗಿಲು ಹಾಕುವುದಿಲ್ಲ, ತೆರೆದಾಗೊಮ್ಮೆ ಮೆಲ್ಲಗೆ ನೆನಪು ಮಾಡುತ್ತಾರೆ, ಅಷ್ಟೇ. ಸಣ್ಣ ಆದಾಯದವರಿಗೆ 60 ಡಾಲರ್. ಹಿಂದೆ ವಿನ್‌ಆ್ಯಂಪ್ ಮಾಡಿದ ಜಸ್ಟಿನ್ ಫ್ರಾಂಕಲ್ ಅವರದೇ ಈ ಅಂಗಡಿ. ಆ ನೆನಪೋಲೆಯನ್ನು ದಿನಾ ಮುಂಜಾನೆ ನೋಡಿ ನೋಡಿ ಕೊನೆಗೆ ದುಡ್ಡು ಕಟ್ಟಿದೆ. ಪೊಲೀಸರಿಗೆ ಹೆದರಿ ಅಲ್ಲ, ನಾಚಿಕೆಯಿಂದ. ಈಗ ನಾನು ಗಿರಾಕಿ. ಗಿರಾಕಿಗೆ ಬಾಯಿ ಇರುತ್ತದೆ.

ಮೊದಲು ತಮ್ಮ ಟಕ್ ಟಕ್ ವಿಷಯ, ಅಂದರೆ ಹೆಡ್‌ಫೋನಿನಲ್ಲಿ ತಾಳ ಎಣಿಸುವ ಸದ್ದು.

ಹೊಸ ಪ್ರಾಜೆಕ್ಟ್ ತೆರೆದರೆ ತಮ್ಮಲ್ಲಿ ಬಹುತೇಕರು ನಿಮಿಷಕ್ಕೆ 120 ಪೆಟ್ಟು, ನಾಲ್ಕರ ಲೆಕ್ಕ ಎಂದು ಮೊದಲೇ ಬರೆದಿಟ್ಟಿರುತ್ತೀರಿ. ಎಫ್‌ಎಲ್ ಸ್ಟುಡಿಯೋದವರಿಗೆ ಇನ್ನೂ ಸ್ವಲ್ಪ ಅವಸರ, 130. ಬೀದರಿನಲ್ಲಿ ಆ ವೇಗದಲ್ಲಿ ನಡೆಯುವುದು ಬಸ್ ಸ್ಟ್ಯಾಂಡಿನಲ್ಲಿ ಸೀಟು ಹಿಡಿಯುವ ಕೆಲಸ ಒಂದೇ. ಇರಲಿ, ಆ ಅಂಕಿಯನ್ನು ಬದಲಿಸಬಹುದು. ಬದಲಿಸಲಾಗದ್ದು ಅದರ ಹಟ.

ಭಾಲ್ಕಿ ತಾಲೂಕಿನ ಹಳ್ಳಿಯೊಂದರ ಭಜನಾ ಮಂಡಳಿಯವರು ಬಂದಿದ್ದರು. ಐದು ಜನ. ಹಾರ್ಮೋನಿಯಂ, ಪಖವಾಜ್, ಎರಡು ಜೋಡಿ ತಾಳ, ಎಪ್ಪತ್ತು ದಾಟಿದ ಕಾಕಾ ಒಬ್ಬರ ಗಂಟಲು. ಕಾಕಾ ರುಮಾಲು ಬಿಚ್ಚಲು ಒಪ್ಪದ ಕಾರಣ ಅದರ ಮೇಲೇ ಹೆಡ್‌ಫೋನ್ ತೊಡಿಸಿದೆ. ಟಕ್ ಟಕ್ ಶುರುವಾಯಿತು. ಎರಡು ಸಾಲು ಹಾಡಿ ಅವರು ನಿಲ್ಲಿಸಿದರು.

"ಒಳಗ ಯಾರೋ ಕಟಗಿ ಬಡಿಲತ್ತಾರಲ್ರಿ, ಯಾರವ್ರು?"

"ಮಷೀನ್ ರೀ ಕಾಕಾ. ಅದರ ಜೋಡಿ ಹಾಡಬೇಕು."

"ನಾವು ಅವನ ಜೋಡಿ ಹಾಡ್ಬೇಕೋ, ಅವ ನಮ್ಮ ಜೋಡಿ ಬಾರಸ್ಬೇಕೋ?"

ಉತ್ತರ ಹೊಳೆಯದೆ, ಇನ್ನೊಂದು ಸಲ ನೋಡೋಣ ಎಂದೆ. ಮತ್ತೆ ಹಾಡಿದರು. ಮೂರನೇ ಚರಣಕ್ಕೆ ಬಂದಾಗ ಮಂಡಳಿ ಒಂದು ಕಡೆ, ಟಕ್ ಟಕ್ ಇನ್ನೊಂದು ಕಡೆ. ಕಾಕಾ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡು, ನನಗೆ ಬೇಸರವಾಗಬಾರದೆಂದು ದನಿ ತಗ್ಗಿಸಿ ಹೇಳಿದರು: "ಅವನಿಗಿ ತಾಳ ಬರಲ್ಲ ಬಿಡ್ರಿ. ಹೊಸಬ ಅದಾನ. ಬೈಬ್ಯಾಡ್ರಿ ಮತ್ತ, ಕಲೀತಾನ."

ಭಜನೆ ನೋಡದವರಿಗಾಗಿ ಒಂದು ಮಾತು. ಅದು ಕೂತು ಶುರುವಾಗಿ ಎದ್ದು ಮುಗಿಯುವ ಹಾಡು. ಪಲ್ಲವಿ ಎತ್ತುವಾಗ ಎಲ್ಲರೂ ಗೋಡೆಗೆ ಒರಗಿರುತ್ತಾರೆ. ಒಂದೊಂದು ಚರಣ ದಾಟಿದಂತೆ ಬೆನ್ನು ನೆಟ್ಟಗಾಗುತ್ತದೆ, ಕೊನೆಗೆ ತಾಳದವನು ಮಂಡಿಯೂರಿರುತ್ತಾನೆ, ಪಖವಾಜಿನವನ ಕೈ ಕಣ್ಣಿಗೆ ಸಿಗುವುದಿಲ್ಲ. ಟಕ್ ಟಕ್ ಇಲ್ಲದೆ ರೆಕಾರ್ಡ್ ಮಾಡಿ ಆಮೇಲೆ ಎಣಿಸಿದೆ. ಶುರುವಿನಲ್ಲಿ 70ರ ಆಸುಪಾಸು, ಮುಗಿದಾಗ 130. ತಮ್ಮ ಸಾಫ್ಟ್‌ವೇರಿನ ಕಣ್ಣಿಗೆ ಇದು ದೋಷ. ಕ್ವಾಂಟೈಸ್ ಒತ್ತಿದರೆ ಎಲ್ಲ ಪೆಟ್ಟೂ ಗೀಟಿಗೆ ಬಂದು ಶಿಸ್ತಾಗಿ ಕೂತವು. ಹಾಡು ಮಾತ್ರ ಕೊನೆಯವರೆಗೂ ಗೋಡೆಗೆ ಒರಗಿಕೊಂಡೇ ಇತ್ತು.

ಹಾಡುವವರ ನಡಿಗೆಯನ್ನು ಸಾಫ್ಟ್‌ವೇರೇ ಅನುಸರಿಸುವ ಸ್ಮಾರ್ಟ್ ಟೆಂಪೋವನ್ನು 2018ರಲ್ಲಿ ಲಾಜಿಕ್ ಪ್ರೊದವರು ತಂದರು ಎನ್ನುತ್ತೀರಿ. ಸಂತೋಷ. ಆದರೆ ಅದಕ್ಕೆ ಆ್ಯಪಲ್‌ನದೇ ಯಂತ್ರ ಬೇಕು. ನಮ್ಮಲ್ಲಿ ಆ ಬೆಲೆಯ ವಸ್ತು ಕೊಳ್ಳುವ ಮುಂಚೆ ದೇವಣಿ ಎತ್ತು ನೋಡುವ ಹಾಗೆ ಹಲ್ಲು, ಸುಳಿ, ಕೋಡು ಎಲ್ಲ ನೋಡುತ್ತಾರೆ, ನೋಡಿ ವಾಪಸ್ ಬರುತ್ತಾರೆ. ನನ್ನ ಬೇಡಿಕೆ ಅಷ್ಟು ದೊಡ್ಡದಲ್ಲ. ಹೊಸ ಪ್ರಾಜೆಕ್ಟ್ ತೆರೆದಾಗ ಗೀಟೇ ಇಲ್ಲದ ಖಾಲಿ ಹಾಳೆ ಕೊಡಿ. ಹಾಡು ಮುಗಿದ ಮೇಲೆ ಗೀಟು ಬೇಕೋ ಎಂದು ಕೇಳಿ. ಮನೆ ಕಟ್ಟಿದ ಮೇಲೆ ಸುಣ್ಣ ಹೊಡೆಯುವ ಪದ್ಧತಿ ನಮ್ಮದು.

ಇನ್ನು ಸುರ. 1983ರಲ್ಲಿ ಜಪಾನಿನ, ಅಮೆರಿಕದ ತಯಾರಕರು ಮಿಡಿ ಎಂಬ ಒಪ್ಪಂದಕ್ಕೆ ಬಂದರು. ಒಬ್ಬರ ಕೀಬೋರ್ಡು ಇನ್ನೊಬ್ಬರ ಯಂತ್ರವನ್ನು ನುಡಿಸುವಂತಾಯಿತು, ದೊಡ್ಡ ಉಪಕಾರ. ಆದರೆ ಅದರಲ್ಲಿ ಸುರವೆಂದರೆ 0ರಿಂದ 127ರವರೆಗಿನ ಮನೆ ನಂಬರು. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ಓಣಿಗೆ ನಂಬರಿಲ್ಲ. ನಮ್ಮ ಹಾಡು ಇರುವುದೇ ಓಣಿಯಲ್ಲಿ: ಮೀಂಡು, ಕಣ, ಹರ್ಕತ್ತು. ಓಣಿಗೆಂದು ಪಿಚ್ ಬೆಂಡ್ ಎಂಬ ಚಕ್ರ ಕೊಟ್ಟಿರಿ. ಅದನ್ನು ತಿರುಗಿಸಿದರೆ ಆ ಚಾನೆಲ್ಲಿನ ಸುರಗಳೆಲ್ಲ ಒಟ್ಟಿಗೇ ವಾಲುತ್ತವೆ, ಊಟದ ಪಂಕ್ತಿಯಲ್ಲಿ ಒಬ್ಬನಿಗೆ ತಲೆಸುತ್ತು ಬಂದರೆ ಇಡೀ ಪಂಕ್ತಿ ಮಲಗಿದ ಹಾಗೆ. ಈ ತಲೆಸುತ್ತಿಗೆ ಔಷಧಿಯಾದ ಮಿಡಿ 2.0 ಬಂದದ್ದು 2020ರಲ್ಲಿ, ಅಂದರೆ 37 ವರ್ಷದ ಮೇಲೆ. ಏಬಲ್ಟನ್‌ನವರು 2024ರ ತಮ್ಮ 12ನೇ ಆವೃತ್ತಿಯಲ್ಲಿ ಹನ್ನೆರಡರ ಲೆಕ್ಕ ಮೀರಿದ ಶ್ರುತಿ ಪದ್ಧತಿಗಳಿಗೂ ಬಾಗಿಲು ತೆರೆದರು. ತಡವಾದರೂ ಬಂದವರಿಗೆ ನೀರು ಕೊಡುವುದು ನಮ್ಮ ರೂಢಿ.

ಆಟೋ-ಟ್ಯೂನ್ ಕಥೆ ಇನ್ನೂ ಸ್ವಾರಸ್ಯದ್ದು. 1997ರಲ್ಲಿ ಅದನ್ನು ತಂದ ಆಂಡಿ ಹಿಲ್ಡೆಬ್ರಾಂಡ್ ಮೊದಲು ತೈಲ ಕಂಪನಿಗಳ ಕೆಲಸದಲ್ಲಿದ್ದವರು. ಭೂಮಿಯೊಳಗೆ ಸದ್ದು ಕಳಿಸಿ, ಮರಳಿ ಬಂದ ಸದ್ದಿನಿಂದ ಎಣ್ಣೆ ಎಲ್ಲಿದೆ ಎಂದು ಲೆಕ್ಕ ಹಾಕುವ ಗಣಿತವೇ ಗಾಯಕರ ಗಂಟಲಿಗೆ ಬಂತು. ನೆಲದೊಳಗಿನದನ್ನು ಹುಡುಕುವ ವಿಷಯದಲ್ಲಿ ಬೀದರಿನವರನ್ನು ಬೆರಗುಗೊಳಿಸುವುದು ಕಷ್ಟ. ಇಲ್ಲಿ ಬಹಮನಿಗಳ ಕಾಲದಲ್ಲೇ ಜಂಬಿಟ್ಟಿಗೆಯ ನೆಲ ಕೊರೆದು ಕರೇಜ್ ಎಂಬ ನೀರಿನ ಸುರಂಗ ಮಾಡಿದ್ದಾರೆ, ನೌಬಾದಿನ ಸುರಂಗ ಬಾವಿ ಈಗಲೂ ಇದೆ. ಆದರೆ ಕರೇಜ್ ತೋಡಿದವರು ಬಂಡೆಯ ಬಿರುಕಿನಲ್ಲಿ ನೀರು ಹರಿದ ದಾರಿಯಲ್ಲೇ ಸುರಂಗ ಒಯ್ದರು. ಸುರ ತಿದ್ದುವ ಈಗಿನ ಪ್ಲಗಿನ್ನುಗಳೋ, ನೀರು ಎಲ್ಲಿರಬೇಕಿತ್ತು ಎಂದು ನೀರಿಗೇ ಹೇಳುತ್ತವೆ.

ಔರಾದ್ ತಾಲೂಕಿನ ಆಯಿಯೊಬ್ಬರು ಬುಲಾಯಿ ಪದ ಹಾಡಿದ್ದರು. ಅವರ ಗಾಂಧಾರ ಎರಡು ಮನೆಗಳ ನಡುವಿನ ಕಟ್ಟೆಯ ಮೇಲೆ ಕೂತಿತ್ತು, ಆರಾಮಾಗಿ, ಎಲೆಯಡಿಕೆ ಹಾಕಿಕೊಂಡು. ನಾನೊಂದು ಪ್ಲಗಿನ್ ಹಚ್ಚಿದೆ. ಅದು ಹೆಸರಿಲ್ಲದೆ ಇರಲಿ, ಅಪರಾಧದಲ್ಲಿ ನನ್ನ ಪಾಲೂ ಇದೆ. ಅದು ಆಯಿಯ ಗಾಂಧಾರವನ್ನು ಕೈಹಿಡಿದು ಎಬ್ಬಿಸಿ ಹತ್ತಿರದ ಮನೆಯೊಳಗೆ ಕೂಡಿಸಿ ಕದ ಹಾಕಿತು. ಆಯಿ ಪೂರ್ತಿ ಕೇಳಿದರು.

"ಛಲೋ ಅದ. ಯಾರ್ ಹಾಡ್ಯಾರ ಇದು?"

"ನೀವೇ ಹಾಡೀರಿ ಆಯಿ."

"ನಾ ಅಲ್ಲಪ್ಪ. ನಮ್ಮ ಮೊಮ್ಮಗಳು ಹೈದ್ರಾಬಾದಿಗಿ ಹೋಗಿ ಬಂದ ಮ್ಯಾಲ ಹಿಂಗ್ ಮಾತಾಡ್ತಾಳ."

ಇಲ್ಲಿ ತಾವು ನನ್ನನ್ನು ಹಿಡಿಯಬಹುದು. ಶ್ರುತಿಯ ಬಗ್ಗೆ ಇಷ್ಟು ಮಡಿ ಮಾಡುವ ನಿಮ್ಮ ಮಂಡಳಿಯ ಮಧ್ಯೆ ಹಾರ್ಮೋನಿಯಂ ಯಾಕಿದೆ ಎಂದು. ಹೌದು, ಅದೂ ಹನ್ನೆರಡು ಮನೆಯ ವಾದ್ಯವೇ. ಓಣಿ ಇಲ್ಲದ ಕಾರಣಕ್ಕೇ ಆಕಾಶವಾಣಿಯವರು 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿದ್ದರು. ನಮ್ಮ ಗುಡಿ, ಮಠ, ದರ್ಗಾಗಳು ಆ ಬಹಿಷ್ಕಾರದ ಸುದ್ದಿಯನ್ನೇ ಕೇಳದವರಂತೆ ಬಾರಿಸುತ್ತ ಹೋದವು. ಹಾರ್ಮೋನಿಯಂ ತನ್ನ ಮನೆಯಲ್ಲಿ ತಾನಿರುತ್ತದೆ, ಹಾಡುವವರ ಗಂಟಲಿಗೆ ಕೈ ಹಾಕುವುದಿಲ್ಲ. ಅದರ ಮನೆಗಳಿಗೂ ನಮ್ಮ ಭಾಷೆಯಲ್ಲಿ ಹೆಸರುಗಳಿವೆ: ಕಪ್ಪು ಮನೆ ಕಾಳಿ, ಬಿಳಿ ಮನೆ ಪಾಂಢರಿ. ಕಾಕಾ ತಮ್ಮ ಸುರ ಕಾಳಿ ಎರಡು ಎನ್ನುತ್ತಾರೆ, ಹುಡುಗಿಯರು ಕಾಳಿ ಐದು ಎನ್ನುತ್ತಾರೆ. ನಾನು ಅದನ್ನು ಮನಸ್ಸಿನಲ್ಲೇ ಡಿ ಶಾರ್ಪ್, ಎ ಶಾರ್ಪ್ ಎಂದು ಅನುವಾದಿಸಿ ತಮ್ಮ ಪೆಟ್ಟಿಗೆಗೆ ಹಾಕುತ್ತೇನೆ. ಒಂದು ಮೆನುವಿನಲ್ಲಿ ಕಾಳಿ ಎರಡು, ಪಾಂಢರಿ ನಾಲ್ಕು ಎಂದು ಬರೆದರೆ ತಮ್ಮ ಗಂಟೇನೂ ಹೋಗದು.

ಮೆನು ಎಂದಾಗ ನೆನಪಾಯಿತು. ತಮ್ಮ ವಾದ್ಯಗಳ ಪಟ್ಟಿಯಲ್ಲಿ ಪಿಯಾನೋಗಳೇ ಒಂದು ಕಾಲೋನಿ. ವಿಯೆನ್ನಾದ್ದು, ಹ್ಯಾಂಬರ್ಗಿನದ್ದು, ಮುಚ್ಚಳ ತೆಗೆದದ್ದು, ಮುಚ್ಚಳ ಹಾಕಿದ್ದು. ಕೆಳಗೆ, ತೀರ ಕೆಳಗೆ, ಎಥ್ನಿಕ್ ಅಥವಾ ವರ್ಲ್ಡ್ ಎಂಬ ಫೋಲ್ಡರು. ಅಲ್ಲಿ ಒಂದು ತಬಲಾ, ಒಂದು ಸಿತಾರು, ಪಕ್ಕದಲ್ಲೇ ಆಫ್ರಿಕಾ ಖಂಡ. ಹಲಗೆ ಇಲ್ಲ, ಚೌಡಕಿ ಇಲ್ಲ, ತಾಂಡಾದ ನಂಗಾರಾ ಇಲ್ಲ. ಹಾಡಿನಿಂದ ವಾದ್ಯಗಳನ್ನು ಬೇರ್ಪಡಿಸುವ ಹೊಸ ವಿದ್ಯೆಯೂ ಇದೇ ಜಾತಿಯದು. 2019ರಲ್ಲಿ ಡೀಜರ್ ಕಂಪನಿಯವರು ಪುಕ್ಕಟೆಯಾಗಿ ಹಂಚಿದ ಸ್ಪ್ಲೀಟರ್ ಐದು ಪಾಲು ಮಾಡುತ್ತದೆ: ದನಿ, ಡ್ರಮ್ಸ್, ಬಾಸ್, ಪಿಯಾನೋ, ಇತರೆ. ಚೌಡಕಿಯನ್ನು ಹಾಕಿ ನೋಡಿದೆ. ಅದರ ತೊಗಲಿನ ಪೆಟ್ಟು ಡ್ರಮ್ಸ್‌ಗೆ ಹೋಯಿತು, ತಂತಿಯ ಗುಂಯ್‌ಗುಡುವಿಕೆಯಲ್ಲಿ ಸ್ವಲ್ಪ ಬಾಸ್‌ಗೆ, ಉಳಿದದ್ದು ಇತರೆಗೆ. ಒಂದು ವಾದ್ಯ, ಮೂರು ಹಿಸ್ಸೆ. ಇತರೆ ಎಂಬ ಕಾಲಂ ನಮಗೆ ಹೊಸದಲ್ಲ, ಅರ್ಜಿ ನಮೂನೆಗಳಲ್ಲಿ ಅಲ್ಲೇ ಬೆಳೆದವರು. ಈ ಭಾಗ ಹಿಂದುಳಿದಿದೆ ಎಂದು ಸಂವಿಧಾನಕ್ಕೇ 98ನೇ ತಿದ್ದುಪಡಿ ತಂದು 371(ಜೆ) ಸೇರಿಸಿದರು, ರಾಜ್ಯಮಟ್ಟದ ಹುದ್ದೆಗಳಲ್ಲಿ 8 ಪರ್ಸೆಂಟ್ ಮೀಸಲಾತಿ ಸಿಕ್ಕಿತು. ತಮ್ಮ ಡ್ರಮ್ ಫೋಲ್ಡರಿನಲ್ಲೂ ಅಷ್ಟೇ ಕೊಟ್ಟರೆ ಸಾಕು. ರೋಸ್ಟರ್ ಬಿಂದು ನಾವೇ ಹಾಕಿಕೊಡುತ್ತೇವೆ.

ನನ್ನ ಗಿರಾಕಿಗಳ ಪರವಾಗಿಯೂ ಒಂದು ಅಹವಾಲು. ಅವರದು ಒಂದೇ ಬೇಡಿಕೆ: ಎಕೋ ಹಾಕ್ರಿ. ಹಾಕಿದ ಮೇಲೆ: ಇನ್ನೂ ಹಾಕ್ರಿ. ತಮ್ಮ ಪಟ್ಟಿ ತೆರೆದರೆ ಕ್ಯಾಥೆಡ್ರಲ್, ಚೇಂಬರ್, ಕಾನ್ಸರ್ಟ್ ಹಾಲ್. ವಚನ ಹಾಡಿದವರನ್ನು ದಿನಾ ಕ್ಯಾಥೆಡ್ರಲ್ಲಿನಲ್ಲಿ ನಿಲ್ಲಿಸಿ ಕಳಿಸುತ್ತಿದ್ದೇನೆ, ಯಾವ ಶರಣರೂ ಇದುವರೆಗೆ ಆಕ್ಷೇಪಿಸಿಲ್ಲ. ಆದರೆ ನಮ್ಮಲ್ಲಿ ಗುಂಬಜುಗಳಿಗೆ ಬರವೇ? ಒಂದು ಜಾಗದಲ್ಲಿ ಬಲೂನು ಒಡೆದು ಅದರ ಮಾರ್ದನಿ ಹಿಡಿದರೆ, ಯಾವ ದನಿಯನ್ನಾದರೂ ಆ ಜಾಗದಲ್ಲಿ ಹಾಡಿಸಿದಂತೆ ಮಾಡುವ ವಿದ್ಯೆ ತಮ್ಮಲ್ಲಿ ಇಪ್ಪತ್ತೈದು ವರ್ಷದಿಂದ ಇದೆ. ವಿಜಯಪುರದ ಗೋಳಗುಮ್ಮಟ ಈ ಕೆಲಸಕ್ಕೇ ಹುಟ್ಟಿದ ಹಾಗಿದೆ. ಅಷ್ಟು ದೂರ ಬೇಡವೆಂದರೆ ಇಲ್ಲೇ ಅಷ್ಟೂರಿದೆ. ಅಲ್ಲಿ ಮಲಗಿರುವ ಬಹಮನಿ ಸುಲ್ತಾನ ಅಹ್ಮದ್ ಶಾಹನನ್ನು ಕೆಲವರು ವಲಿ ಎಂದು ನಡೆದುಕೊಳ್ಳುತ್ತಾರೆ, ಕೆಲವರು ಅಲ್ಲಮಪ್ರಭು ಎಂದು. ಹಾಡು ಯಾವುದಾದರೂ ಗುಂಬಜು ಒಂದೇ ಆದ್ದರಿಂದ ಆ ಎಕೋ ಎರಡು ಕಡೆಯ ಗಿರಾಕಿಗಳಿಗೂ ಆಗುತ್ತದೆ, ನನಗೆ ಒಂದು ಪ್ರೀಸೆಟ್ ಉಳಿತಾಯ. ಝರಣಿ ನರಸಿಂಹನ ಗುಹೆಯೂ ಆದೀತು, ಆದರೆ ಎದೆಮಟ್ಟದ ನೀರಿನಲ್ಲಿ ಬಲೂನು ಹಿಡಿದು ಹೋಗುವವರು ಬಾವಲಿಗಳ ಒಪ್ಪಿಗೆ ಪಡೆಯಬೇಕು. 1472ರ ಮಹಮೂದ್ ಗವಾನ್ ಮದರಸಾ ಮಾತ್ರ ಬೇಡ. ಎರಡು ಮಿನಾರು ಇದ್ದದ್ದು 17ನೇ ಶತಮಾನದ ಸ್ಫೋಟದಲ್ಲಿ ಒಂದು ಹೋಯಿತು. ಅಂದಿನಿಂದ ಅದು ಸ್ಟೀರಿಯೋ ಅಲ್ಲ, ಮೋನೋ.

ಬೀದರ್ ವಾಯುಪಡೆಯ ತರಬೇತಿಯ ಊರು. 2008ರಿಂದ ಹಾಕ್ ವಿಮಾನಗಳು ಇಲ್ಲಿ ಹಾರುತ್ತವೆ. ಅವುಗಳ ಮೇಲೆ ದೂರಿಲ್ಲ, ಆಕಾಶ ಅವುಗಳದೇ. ನನ್ನ ದೂರು ಸದ್ದು ಸೋಸುವ ಪ್ಲಗಿನ್ನೊಂದರ ಮೇಲೆ. ತತ್ವಪದದ ಟೇಕಿನ ನಡುವೆ ವಿಮಾನ ಹೋಯಿತು. ಬೇಡದ ಸದ್ದು ತೆಗೆ ಎಂದು ಪ್ಲಗಿನ್ನಿಗೆ ಹೇಳಿದೆ. ಅದು ಏಕತಾರಿಯನ್ನು ತೆಗೆದು ವಿಮಾನವನ್ನು ಉಳಿಸಿಕೊಂಡಿತು. ಹಾಡಿದವರಿಗೆ ಹೇಳಲು ಧೈರ್ಯ ಸಾಲದೆ, ಇದು ಹೊಸ ನಮೂನೆಯ ತಂಬೂರಿ ಎಂದೆ. ಶ್ರುತಿ ಸೇರಿದೆ ಎಂದು ಹೊಗಳಿದರು.

ಸಣ್ಣಪುಟ್ಟವು ಬೇಗ ಹೇಳಿ ಮುಗಿಸುತ್ತೇನೆ. ಐದು ನಿಮಿಷಕ್ಕೊಮ್ಮೆ ತಾನೇ ಸೇವ್ ಆಗುವ ಸವಲತ್ತು ಸಾಲದು. ನಮ್ಮಲ್ಲಿ ಕರೆಂಟ್ ಹೋಗುವ ಮುಂಚೆ ಫ್ಯಾನು ನಿಧಾನವಾಗುತ್ತದೆ, ಫ್ಯಾನಿನ ಮೇಲೆ ಕಣ್ಣಿಟ್ಟು ಸೇವ್ ಮಾಡಿಕೊಳ್ಳುವುದನ್ನು ಕಲಿಸಿ. ಲೈಸೆನ್ಸ್ ಪರೀಕ್ಷೆಗೆ ಇಂಟರ್ನೆಟ್ ಬೇಕೇ ಬೇಕೆನ್ನಬೇಡಿ. ಹೊರಗೆ ರೆಕಾರ್ಡಿಂಗಿಗೆ ಹೋದಾಗ ಲ್ಯಾಪ್‌ಟಾಪ್ ಹಿಡಿದು ನೆಟ್‌ವರ್ಕಿಗಾಗಿ ಬೇವಿನ ಮರ ಹತ್ತಿದ್ದೇನೆ, ಹಾಡುಗಾರರು ಕೆಳಗೆ ನಿಂತು ಮಂತ್ರವಾದಿ ನೋಡುವ ಹಾಗೆ ನೋಡಿದರು. ತಿಂಗಳ ಬಾಡಿಗೆಯ ಪದ್ಧತಿಯನ್ನೂ ಯೋಚಿಸಿ ಮಾಡಿ. 2023ರ ಮಾರ್ಚಿನಲ್ಲಿ ವೇವ್ಸ್ ಕಂಪನಿ ಇನ್ನು ಮುಂದೆ ಬಾಡಿಗೆ ಮಾತ್ರ, ಮಾರಾಟ ಇಲ್ಲ ಎಂದಿತು. ಜಗತ್ತಿನ ಸ್ಟುಡಿಯೋದವರೆಲ್ಲ ಒಟ್ಟಿಗೇ ಕೂಗಿದಾಗ ಕೆಲವೇ ದಿನಗಳಲ್ಲಿ ಮಾತು ಹಿಂತೆಗೆದುಕೊಂಡಿತು. ಆ ಕೂಗಿನಲ್ಲಿ ಎಕೋ ಚೆನ್ನಾಗಿತ್ತು.

ಕನ್ನಡ ಅಕ್ಷರದ ಮಾತು ಬಿಟ್ಟರೆ ಭಾಲ್ಕಿಯವರು ನನ್ನನ್ನು ಊರೊಳಗೆ ಬಿಡಲಿಕ್ಕಿಲ್ಲ. ಟ್ರ್ಯಾಕಿನ ಹೆಸರು ಕನ್ನಡದಲ್ಲಿ ಹೊಡೆದರೆ ಒತ್ತಕ್ಷರ ಪಕ್ಕಕ್ಕೆ ಜಾರಿ ಕೂರುತ್ತದೆ, ಒಮ್ಮೊಮ್ಮೆ ಬರೀ ಡಬ್ಬಿಗಳ ಸಾಲು. ಹಾಗಾಗಿ ಮೊಹರಂ ಪದವೂ ಅಮರೇಶ್ವರ ಜಾತ್ರೆಯ ಹಾಡೂ ಇಂಗ್ಲಿಷ್ ಅಕ್ಷರದಲ್ಲಿ, ಫೈನಲ್, ಫೈನಲ್ ಎರಡು, ಖರೇ ಫೈನಲ್ ಎಂಬ ಹೆಸರು ಹೊತ್ತು ಮಲಗಿವೆ. ನಿಜಾಮರ ಕಾಲದಲ್ಲಿ, ಉರ್ದುವಿನದೇ ದರ್ಬಾರು ನಡೆದಿದ್ದಾಗ, ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ನಾನು ಮಾಡುತ್ತಿರುವುದೂ ಅದೇ ದಂಧೆ. ಪರದೆಯ ಮೇಲೆಲ್ಲ ಇಂಗ್ಲಿಷ್ ಫಲಕ, ಒಳಗೆ ಆಯಿಯ ಬುಲಾಯಿ ಪದ. ಪಟ್ಟದ್ದೇವರಿಗೆ 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದು ಫಲಕ ಇಳಿಸುವ ಅವಕಾಶ ಬಂತು. ತಮ್ಮ ಮುಂದಿನ ಆವೃತ್ತಿ ಯಾವಾಗ?

ಪತ್ರ ಉದ್ದವಾಯಿತು, ಕ್ಷಮೆ ಇರಲಿ. ನನಗೂ ಪತ್ರವನ್ನು ಗೀಟಿಗೆ ಸರಿಯಾಗಿ ಕತ್ತರಿಸುವ ಅಭ್ಯಾಸವಿಲ್ಲ.

ತಮ್ಮ,
ಈಗ ದುಡ್ಡು ಕಟ್ಟಿರುವ ಗಿರಾಕಿ,
ಬೀದರ್

ತಾ. ಕ.: ಭಜನಾ ಮಂಡಳಿಯವರ ರೆಕಾರ್ಡಿಂಗ್ ಮುಗಿದ ಮೇಲೆ ಕಾಕಾ ಹೊರಗೆ ಹೋಗಿ ಚಹಾ ಹೇಳಿ ಬಂದರು. ಹುಡುಗ ಏಳು ಕಪ್ ತಂದ. ಅವರು ಐದು ಜನ, ನಾನೊಬ್ಬ. ಒಂದು ಹೆಚ್ಚಾಯಿತಲ್ಲ ಕಾಕಾ ಎಂದೆ. "ಒಳಗ ಕಟಗಿ ಬಡಿಯಾಂವಗ್ರಿ," ಎಂದರು, "ಮುಂಜಾನಿಂದ ಬಡ್ದಾನ, ಪಾಪ." ಕಪ್ಪನ್ನು ಸ್ಪೀಕರಿನ ಮೇಲಿಟ್ಟೆ. ಸಂಜೆ ಅಂಗಡಿ ಮುಚ್ಚುವವರೆಗೂ ಅಲ್ಲೇ ಇತ್ತು, ಕೆನೆಗಟ್ಟಿಕೊಂಡು.